ಬೇಸ್‌ಬಾಲ್ ಪ್ಲೇಆಫ್: ತೆಗೆದವನ ಬಗ್ಗೆ ಜಗಳ, ತಂದವನ ಬಗ್ಗೆ ಮೌನ

2025ರ ಅಕ್ಟೋಬರ್ 20, ಟೊರೊಂಟೊ. ಅಮೆರಿಕನ್ ಲೀಗ್ ಫೈನಲ್‌ನ ಏಳನೇ ಪಂದ್ಯ. ಗೆದ್ದವರು ಎರಡು ಲೀಗ್‌ಗಳ ವಿಜೇತರು ಆಡುವ ಅಂತಿಮ ಸರಣಿ ವರ್ಲ್ಡ್ ಸೀರೀಸ್‌ಗೆ, ಸೋತವರು ಮನೆಗೆ. ಸಿಯಾಟಲ್ ಮ್ಯಾರಿನರ್ಸ್ 3-1 ಮುಂದಿದೆ, ಏಳನೇ ಇನ್ನಿಂಗ್ಸಿನಲ್ಲಿ ಒಂದು ಔಟ್ ಆಗಿದೆ, ಇನ್ನು ಎಂಟು ಔಟ್ ತೆಗೆದರೆ ಮುಗೀತು. 1977ರಲ್ಲಿ ಶುರುವಾದ ಈ ತಂಡ ಒಂದೇ ಒಂದು ಸಲವೂ ವರ್ಲ್ಡ್ ಸೀರೀಸ್ ಆಡಿಲ್ಲ, ಇಷ್ಟು ಹತ್ತಿರ ಬಂದದ್ದೂ ಇದೇ ಮೊದಲು. ಆದರೆ ಎರಡನೇ ಮತ್ತು ಮೂರನೇ ಬೇಸ್‌ನಲ್ಲಿ ಟೊರೊಂಟೊ ಬ್ಲೂ ಜೇಸ್‌ನ ಇಬ್ಬರು ನಿಂತಿದ್ದಾರೆ, ಬ್ಯಾಟ್ ಹಿಡಿದು ಬರುತ್ತಿರುವವರು ಜಾರ್ಜ್ ಸ್ಪ್ರಿಂಗರ್. ಮ್ಯಾನೇಜರ್ ಡ್ಯಾನ್ ವಿಲ್ಸನ್ ಮೈದಾನಕ್ಕೆ ನಡೆದು ಬಂದರು, ಪಿಚರ್ (ಚೆಂಡು ಎಸೆಯುವವನು) ಬ್ರಯನ್ ವೂ ಕೈಯಿಂದ ಚೆಂಡು ತೆಗೆದುಕೊಂಡು ಎಡ್ವರ್ಡ್ ಬಜಾರ್ಡೊಗೆ ಕೊಟ್ಟರು. ತಂಡದ ಕ್ಲೋಸರ್, ಎಲ್ಲರಿಗಿಂತ ಅಪಾಯಕಾರಿ ರಿಲೀವರ್ ಆಂಡ್ರೆಸ್ ಮುನ್ಯೋಸ್ ಬುಲ್‌ಪೆನ್‌ನಲ್ಲೇ ಉಳಿದರು. ಬಜಾರ್ಡೊ ಎಸೆದ ಎರಡನೇ ಚೆಂಡನ್ನು ಸ್ಪ್ರಿಂಗರ್ ಎಡಗಡೆಯ ಪ್ರೇಕ್ಷಕರ ನಡುವೆ ಹೊಡೆದರು, ಹೋಮ್ ರನ್. ಬೇಸ್‌ನಲ್ಲಿದ್ದ ಇಬ್ಬರೂ ಸೇರಿ ಮೂರು ರನ್. 4-3. ಅಲ್ಲಿಂದ ಮುಂದೆ ಸಿಯಾಟಲ್‌ಗೆ ಒಂದು ರನ್ನೂ ಬರಲಿಲ್ಲ.

ಪ್ರತಿ ಅಕ್ಟೋಬರ್‌ನಲ್ಲೂ ಇಂಥ ಒಂದು ರಾತ್ರಿ ಬರುತ್ತದೆ, ಮರುದಿನ ಅದೇ ಹಳೇ ಜಗಳ ಶುರುವಾಗುತ್ತದೆ. ಒಂದು ಕಡೆ "ಕಂಪ್ಯೂಟರ್ ನೋಡಿಕೊಂಡು ಆಡಿಸ್ತಾರೆ, ಕಣ್ಣು ಬಿಟ್ಟು ಆಟ ನೋಡಲ್ಲ" ಅನ್ನುವವರು. ಇನ್ನೊಂದು ಕಡೆ "ಲೆಕ್ಕ ಸರಿ ಇತ್ತು, ಅದೃಷ್ಟ ಕೈ ಕೊಟ್ಟಿತು" ಅನ್ನುವವರು. ನನಗೆ ಈ ಜಗಳದಲ್ಲಿ ಎರಡೂ ಪಕ್ಷಗಳು ತಪ್ಪು ಪ್ರಶ್ನೆ ಹಿಡಿದುಕೊಂಡು ಕೂತಿವೆ ಅನ್ನಿಸುತ್ತದೆ. ಚೆನ್ನಾಗಿ ಎಸೆಯುತ್ತಿದ್ದ ಪಿಚರ್‌ನನ್ನು ಯಾಕೆ ತೆಗೆದರು ಅಂತ ಎಲ್ಲರೂ ಕೇಳುತ್ತಾರೆ. ಅವನ ಜಾಗಕ್ಕೆ ಯಾರನ್ನು ತಂದರು, ಅವನೇ ಯಾಕೆ ಅಂತ ಕೇಳುವವರು ಕಡಿಮೆ. ಕಳೆದ ಇಪ್ಪತ್ತಕ್ಕೂ ಹೆಚ್ಚು ವರ್ಷಗಳ ದೊಡ್ಡ ದೊಡ್ಡ ಎಡವಟ್ಟುಗಳನ್ನು ಸಾಲಾಗಿ ಇಟ್ಟು ನೋಡಿದರೆ, ಬಹುತೇಕ ಎಲ್ಲದರಲ್ಲೂ ಗಂಟು ಬಿದ್ದಿರುವುದು ಆ ಎರಡನೇ ಪ್ರಶ್ನೆಯಲ್ಲೇ.

ಬೇಸ್‌ಬಾಲ್ ಅಷ್ಟಾಗಿ ನೋಡದವರಿಗೆ ಸ್ವಲ್ಪ ಹಿನ್ನೆಲೆ ಬೇಕು. ಪಂದ್ಯಕ್ಕೆ ಒಂಬತ್ತು ಇನ್ನಿಂಗ್ಸ್, ಪ್ರತಿ ಇನ್ನಿಂಗ್ಸಿನಲ್ಲಿ ಒಂದೊಂದು ತಂಡಕ್ಕೆ ಮೂರು ಔಟ್, ಸ್ಕೋರ್ ಸಮ ಆದರೆ ಇನ್ನಿಂಗ್ಸ್ ಮುಂದುವರಿಯುತ್ತವೆ. ಮೂರು ಬೇಸ್ ಮುಟ್ಟಿ ಹೋಮ್ ಪ್ಲೇಟ್‌ಗೆ ವಾಪಸ್ ಬಂದರೆ ಒಂದು ರನ್. ಪಂದ್ಯ ಶುರು ಮಾಡುವ ಪಿಚರ್ ಸ್ಟಾರ್ಟರ್. ಅವನ ನಂತರ ಬರುವವರೆಲ್ಲ ರಿಲೀವರ್‌ಗಳು, ಅವರು ಕಾಯುತ್ತಾ ಕೈ ಬಿಸಿ ಮಾಡಿಕೊಳ್ಳುವ ಜಾಗ ಬುಲ್‌ಪೆನ್. ಮುಂದಿರುವಾಗ ಕೊನೆಯ ಇನ್ನಿಂಗ್ಸಿಗೆ ಅಂತ ಮೀಸಲಿಟ್ಟವನು ಕ್ಲೋಸರ್. ಒಬ್ಬನಿಗೆ ಇಷ್ಟೇ ಓವರ್ ಅನ್ನುವ ಮಿತಿ ಇಲ್ಲ, ಬೇಕಿದ್ದರೆ ಒಬ್ಬನೇ ಇಡೀ ಪಂದ್ಯ ಎಸೆಯಬಹುದು. ಆದರೆ ಒಮ್ಮೆ ಹೊರಗೆ ಕಳಿಸಿದ ಮೇಲೆ ಅವನು ಆ ಪಂದ್ಯಕ್ಕೆ ವಾಪಸ್ ಬರುವ ಹಾಗಿಲ್ಲ. 2020ರಿಂದ ಇನ್ನೊಂದು ನಿಯಮ ಸೇರಿದೆ: ಹೊಸದಾಗಿ ಬಂದವನು ಕನಿಷ್ಠ ಮೂವರು ಬ್ಯಾಟರ್‌ಗಳಿಗೆ ಎಸೆಯಬೇಕು, ಇಲ್ಲವೇ ಆ ಇನ್ನಿಂಗ್ಸ್ ಮುಗಿಸಬೇಕು. ಅಂದರೆ ತಪ್ಪು ಆಳನ್ನು ತಂದರೆ ಕೂಡಲೇ ತಿದ್ದಿಕೊಳ್ಳಲೂ ಆಗುವುದಿಲ್ಲ. ಇವೆಲ್ಲ ತೀರ್ಮಾನ ಮಾಡುವವರು ಹೊರಗೆ ಡಗೌಟ್‌ನಲ್ಲಿ ಕೂತ ಮ್ಯಾನೇಜರ್. ಕ್ರಿಕೆಟ್ ಕ್ಯಾಪ್ಟನ್ ಮೈದಾನದಲ್ಲಿ ಮಾಡುವ ಕೆಲಸದ ಬಹುಪಾಲು ಇಲ್ಲಿ ಅವರ ತಲೆ ಮೇಲೆ.

ಈಗ ಎಲ್ಲರೂ ಉದಾಹರಣೆ ಕೊಡುವ ಆ ರಾತ್ರಿಗೆ ಬರೋಣ. 2020ರ ವರ್ಲ್ಡ್ ಸೀರೀಸ್, ಆರನೇ ಪಂದ್ಯ. ಕೋವಿಡ್ ಕಾರಣಕ್ಕೆ ಸರಣಿಯನ್ನು ಟೆಕ್ಸಸ್‌ನ ಆರ್ಲಿಂಗ್ಟನ್‌ನಲ್ಲಿ ಆಡಿಸಿದ್ದರು. ಟ್ಯಾಂಪಾ ಬೇ ರೇಸ್‌ನ ಬ್ಲೇಕ್ ಸ್ನೆಲ್ ಅವತ್ತು ಎಸೆದ ರೀತಿ ನೋಡಿದವರು ಮರೆತಿರಲಿಕ್ಕಿಲ್ಲ. 73 ಎಸೆತ, 2 ಹಿಟ್, 9 ಸ್ಟ್ರೈಕ್‌ಔಟ್ (ಮೂರು ಸ್ಟ್ರೈಕ್ ಬಿದ್ದು ಬ್ಯಾಟರ್ ಔಟ್), ಒಂದೂ ವಾಕ್ (ನಾಲ್ಕು ಕೆಟ್ಟ ಎಸೆತಕ್ಕೆ ಬ್ಯಾಟರ್‌ಗೆ ಪುಕ್ಕಟೆ ಸಿಗುವ ಬೇಸ್) ಇಲ್ಲ. ಲಾಸ್ ಏಂಜಲಿಸ್ ಡಾಡ್ಜರ್ಸ್‌ನ ಮೊದಲ ಮೂವರು ಬ್ಯಾಟರ್‌ಗಳಾದ ಮೂಕಿ ಬೆಟ್ಸ್, ಕೋರಿ ಸೀಗರ್, ಜಸ್ಟಿನ್ ಟರ್ನರ್ ತಲಾ ಎರಡು ಸಲ ಬಂದು ಆರಕ್ಕೆ ಆರೂ ಸಲ ಸ್ಟ್ರೈಕ್‌ಔಟ್ ಆಗಿ ಹೋಗಿದ್ದರು. ರೇಸ್ 1-0 ಮುಂದೆ. ಆರನೇ ಇನ್ನಿಂಗ್ಸಿನಲ್ಲಿ ಒಂದು ಔಟ್ ಆದ ಮೇಲೆ ಆಸ್ಟಿನ್ ಬಾರ್ನ್ಸ್ ಮೊದಲ ಬೇಸ್ ಮುಟ್ಟುವಷ್ಟರ ಒಂದು ಸಾದಾ ಸಿಂಗಲ್ ಹೊಡೆದರು, ಅಷ್ಟೇ. ಮ್ಯಾನೇಜರ್ ಕೆವಿನ್ ಕ್ಯಾಶ್ ಎದ್ದು ಬಂದರು. ಸ್ನೆಲ್ ಮುಖದಲ್ಲಿದ್ದ ಸಿಟ್ಟು ಇಡೀ ಜಗತ್ತಿಗೆ ಕಾಣಿಸಿತು. ನಿಕ್ ಆಂಡರ್ಸನ್ ಬಂದರು. ಬೆಟ್ಸ್ ಎರಡನೇ ಬೇಸ್‌ವರೆಗೆ ಓಡಿದ ಡಬಲ್ ಹೊಡೆದರು, ಆಮೇಲೆ ಕೈತಪ್ಪಿದ ಒಂದು ಎಸೆತಕ್ಕೆ ಒಂದು ರನ್, ಸೀಗರ್ ಹೊಡೆದ ನೆಲದ ಚೆಂಡಿಗೆ ಇನ್ನೊಂದು. 2-1. ಎಂಟನೇ ಇನ್ನಿಂಗ್ಸಿನಲ್ಲಿ ಬೆಟ್ಸ್ ಹೋಮ್ ರನ್ ಬೇರೆ. 3-1ಕ್ಕೆ ಪಂದ್ಯ, ಸರಣಿ ಎರಡೂ ಮುಗಿದವು, 1988ರ ನಂತರ ಡಾಡ್ಜರ್ಸ್‌ಗೆ ಮೊದಲ ಪಟ್ಟ. ಸ್ನೆಲ್ ಹೊರಗೆ ಹೋದಾಗ ಒಂದು ಥರ ನಿಟ್ಟುಸಿರು ಬಿಟ್ಟ ಹಾಗಾಯಿತು ಅಂತ ಬೆಟ್ಸ್ ಆಮೇಲೆ ಹೇಳಿಕೊಂಡರು.

ಕ್ಯಾಶ್ ಯಾಕೆ ಹಾಗೆ ಮಾಡಿದರು? ಬೆಟ್ಸ್ ಮತ್ತು ಸೀಗರ್ ಸ್ನೆಲ್‌ರನ್ನು ಮೂರನೇ ಸಲ ನೋಡುವುದು ಬೇಡ ಅನ್ನುವುದು ಅವರ ಲೆಕ್ಕ. ಇದು ತಲೆಬುಡ ಇಲ್ಲದ ಲೆಕ್ಕ ಅಲ್ಲ. ಒಬ್ಬ ಪಿಚರ್‌ನನ್ನು ಒಂದೇ ಪಂದ್ಯದಲ್ಲಿ ಮತ್ತೆ ಮತ್ತೆ ಎದುರಿಸಿದಷ್ಟೂ ಬ್ಯಾಟರ್‌ಗಳು ಚೆನ್ನಾಗಿ ಆಡುತ್ತಾರೆ ಅನ್ನುವುದು ದಶಕಗಳ ಅಂಕಿಅಂಶಗಳಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಚೆಂಡು ಎಲ್ಲಿಂದ ಬಿಡುತ್ತಾನೆ, ಯಾವುದು ಎಷ್ಟು ತಿರುಗುತ್ತದೆ, ಯಾವಾಗ ಏನು ಎಸೆಯುತ್ತಾನೆ, ಇವೆಲ್ಲ ಎರಡು ಸಲ ನೋಡಿದ ಮೇಲೆ ಗೊತ್ತಾಗಿಬಿಡುತ್ತದೆ. ಪಿಚರ್ ಕೈಯೂ ಅಷ್ಟರಲ್ಲಿ ಸೋತಿರುತ್ತದೆ. ರೇಸ್ ಇದನ್ನು ನಂಬಿಯೇ ಬೆಳೆದ ತಂಡ. ದುಡ್ಡು ಕಡಿಮೆ, ಹೆಸರಾಂತ ಆಟಗಾರರು ಕಡಿಮೆ. 2018ರಲ್ಲಿ ರಿಲೀವರ್ ಒಬ್ಬನಿಂದಲೇ ಪಂದ್ಯ ಶುರು ಮಾಡಿಸುವ "ಓಪನರ್" ಉಪಾಯಕ್ಕೆ ಚಾಲನೆ ಕೊಟ್ಟವರೂ ಅವರೇ. 2020ರ ಮೊಟಕುಗೊಂಡ ಋತುವಿನಲ್ಲಿ ಇದೇ ದಾರಿಯಲ್ಲಿ 60 ಪಂದ್ಯಗಳಲ್ಲಿ 40 ಗೆದ್ದಿದ್ದರು. ಅವತ್ತು ಕ್ಯಾಶ್ ಹೊಸದೇನೂ ಮಾಡಲಿಲ್ಲ, ವರ್ಷವಿಡೀ ಮಾಡಿದ್ದನ್ನೇ ಮಾಡಿದರು.

ಹಾಗಾದರೆ ತಪ್ಪು ಎಲ್ಲಿ? ಆಂಡರ್ಸನ್ ಹತ್ತಿರ. ಲೀಗ್ ಹಂತದಲ್ಲಿ ಆತ ಮುಟ್ಟಲಾಗದಂತೆ ಎಸೆದವರು, ಇಆರ್‌ಎ (ಒಂಬತ್ತು ಇನ್ನಿಂಗ್ಸಿಗೆ ಸರಾಸರಿ ಬಿಟ್ಟುಕೊಟ್ಟ ರನ್) 0.55. ಆದರೆ ಪ್ಲೇಆಫ್‌ನಲ್ಲಿ ಅವರನ್ನು ಮತ್ತೆ ಮತ್ತೆ ಬಳಸಿ, ಆ ಪಂದ್ಯಕ್ಕೆ ಮುಂಚಿನ ಆರು ಸಲವೂ ಅವರು ರನ್ ಬಿಟ್ಟುಕೊಟ್ಟಿದ್ದರು. ಆರಕ್ಕೆ ಆರು! ಅಂದರೆ ಕ್ಯಾಶ್ ಮುಂದಿದ್ದ ಆಯ್ಕೆ "ಮೂರನೇ ಸಲದ ಸ್ನೆಲ್" ಮತ್ತು "ಸೆಪ್ಟೆಂಬರ್‌ನ ಆಂಡರ್ಸನ್" ನಡುವೆ ಇರಲಿಲ್ಲ. ಮೂರನೇ ಸಲದ ಸ್ನೆಲ್ ಮತ್ತು ದಣಿದು ಹೋಗಿದ್ದ ಅಕ್ಟೋಬರ್ ಆಂಡರ್ಸನ್ ನಡುವೆ ಇತ್ತು. ಮೂರನೇ ಸಲದ ನಷ್ಟವನ್ನು ಲೆಕ್ಕಕ್ಕೆ ಹಿಡಿದ ಪುಸ್ತಕದಲ್ಲಿ ದಣಿವಿನ ನಷ್ಟಕ್ಕೆ ಕಾಲಂ ಇರಲಿಲ್ಲವೋ, ಇದ್ದರೂ ಕಡಿಮೆ ಅಂಕ ಕೊಟ್ಟರೋ, ಅಂತೂ ಅದು ಅರ್ಧ ಲೆಕ್ಕ. ಇದನ್ನು "ಅಂಕಿಅಂಶದ ಸೋಲು" ಅಂತ ಕರೆದವರಿಗೆ ನನ್ನ ಉತ್ತರ ಇಷ್ಟೇ: ಅಂಕಿಅಂಶ ಇನ್ನೂ ಸ್ವಲ್ಪ ಜಾಸ್ತಿ ನೋಡಬೇಕಿತ್ತು. (ಇದಾಗಿ ಎರಡೇ ವಾರಕ್ಕೆ ಕ್ಯಾಶ್‌ಗೆ ವರ್ಷದ ಮ್ಯಾನೇಜರ್ ಪ್ರಶಸ್ತಿ ಬಂತು. ಅದರ ಮತದಾನ ಪ್ಲೇಆಫ್‌ಗೆ ಮುಂಚೆಯೇ ಮುಗಿದಿರುತ್ತದೆ ಅನ್ನಿ.)

ತೆಗೆಯದೇ ಕೆಟ್ಟವರೂ ಇದ್ದಾರೆ. 2003ರಲ್ಲಿ ಬಾಸ್ಟನ್ ರೆಡ್ ಸಾಕ್ಸ್‌ನ ಗ್ರೇಡಿ ಲಿಟ್ಲ್, ನ್ಯೂಯಾರ್ಕ್ ಯಾಂಕೀಸ್ ಎದುರಿನ ಲೀಗ್ ಫೈನಲ್‌ನ ಏಳನೇ ಪಂದ್ಯದಲ್ಲಿ, 5-2 ಮುಂದಿದ್ದಾಗ ಪೆಡ್ರೊ ಮಾರ್ಟಿನೆಜ್‌ರನ್ನು ಎಂಟನೇ ಇನ್ನಿಂಗ್ಸಿನಲ್ಲಿ ಬಿಟ್ಟೇ ಬಿಟ್ಟರು. ನೂರು ಎಸೆತ ದಾಟಿದ ಪೆಡ್ರೊ ಬೇರೆಯೇ ಪಿಚರ್ ಅಂತ ಬಾಸ್ಟನ್‌ನಲ್ಲಿ ಎಲ್ಲರಿಗೂ ಗೊತ್ತಿತ್ತು. ಒಂದಾದ ಮೇಲೆ ಒಂದು ಹಿಟ್ ಬಿದ್ದು 5-5 ಆಯಿತು, 11ನೇ ಇನ್ನಿಂಗ್ಸಿನಲ್ಲಿ ಆರನ್ ಬೂನ್ ಹೋಮ್ ರನ್ ಹೊಡೆದು ಮುಗಿಸಿದರು. ಲಿಟ್ಲ್ ಕೆಲಸ ಹೋಯಿತು. ಇಲ್ಲೂ ಅದೇ ಪ್ರಶ್ನೆ ಹಾಕಿ ನೋಡಿ. ಬುಲ್‌ಪೆನ್‌ನಲ್ಲಿ ಯಾರಿದ್ದರು? ಮೈಕ್ ಟಿಮ್ಲಿನ್, ಅಲನ್ ಎಂಬ್ರಿ. ಆ ಅಕ್ಟೋಬರ್‌ನಲ್ಲಿ ಇಬ್ಬರೂ ಬಹಳ ಚೆನ್ನಾಗಿ ಎಸೆಯುತ್ತಿದ್ದರು. ಹಾಗಾಗಿ ನನ್ನ ಮಟ್ಟಿಗೆ ಲಿಟ್ಲ್ ಮಾಡಿದ್ದು ಕ್ಯಾಶ್ ಮಾಡಿದ್ದಕ್ಕಿಂತ ದೊಡ್ಡ ತಪ್ಪು.

ಅವತ್ತು ಹೀರೋ ಆದ ಬೂನ್ ಮುಂದೆ ಯಾಂಕೀಸ್ ಮ್ಯಾನೇಜರ್ ಆದರು, 2024ರ ವರ್ಲ್ಡ್ ಸೀರೀಸ್‌ನ ಮೊದಲ ಪಂದ್ಯದಲ್ಲಿ ಅವರೇ ಕಟಕಟೆಯಲ್ಲಿ ನಿಂತರು. 10ನೇ ಇನ್ನಿಂಗ್ಸ್, ಯಾಂಕೀಸ್ 3-2 ಮುಂದೆ, ಇಬ್ಬರು ಬೇಸ್ ಮೇಲೆ, ಎದುರಿಗೆ ಶೊಹೆ ಒಟಾನಿ. ಎಡಗೈ ಬ್ಯಾಟರ್‌ಗೆ ಎಡಗೈ ಪಿಚರ್ ಬೇಕು, ಸರಿ. ಆದರೆ ಆ ತಿಂಗಳಿಡೀ ಚೆನ್ನಾಗಿ ಎಸೆಯುತ್ತಿದ್ದ ಟಿಮ್ ಹಿಲ್ ಇದ್ದರೂ, ಮೊಣಕೈ ನೋವಿನಿಂದ ಸೆಪ್ಟೆಂಬರ್ 18ರ ನಂತರ ಒಂದು ಪಂದ್ಯವನ್ನೂ ಆಡದ ನೆಸ್ಟರ್ ಕೊರ್ಟೆಸ್‌ರನ್ನು ಕರೆದರು. ಮೊದಲ ಎಸೆತಕ್ಕೆ ಒಟಾನಿ ಔಟ್. ಬೆಟ್ಸ್‌ಗೆ ಬೇಕಂತಲೇ ವಾಕ್ ಕೊಟ್ಟು ಬೇಸ್ ತುಂಬಿಸಿದರು. ಮುಂದಿನ ಎಸೆತವನ್ನು ಫ್ರೆಡ್ಡಿ ಫ್ರೀಮನ್ ಗ್ರ್ಯಾಂಡ್ ಸ್ಲ್ಯಾಮ್ (ಬೇಸ್ ತುಂಬಿದ್ದಾಗ ಬಿದ್ದು ನಾಲ್ಕು ರನ್ ತರುವ ಹೋಮ್ ರನ್) ಹೊಡೆದರು, ವರ್ಲ್ಡ್ ಸೀರೀಸ್ ಇತಿಹಾಸದಲ್ಲಿ ಪಂದ್ಯವನ್ನೇ ಮುಗಿಸಿದ ಮೊದಲ ಗ್ರ್ಯಾಂಡ್ ಸ್ಲ್ಯಾಮ್. ಕೊರ್ಟೆಸ್ ಎಸೆದದ್ದು ಒಟ್ಟು ಎರಡೇ ಚೆಂಡು. ಒಟಾನಿ ಔಟ್ ಆದ ಕಾರಣಕ್ಕೆ ಆ ಆಯ್ಕೆ ಅರ್ಧ ಸರಿ ಅಂತ ವಾದ ಮಾಡುವವರಿದ್ದಾರೆ. ನಾನು ಒಪ್ಪುವುದಿಲ್ಲ. ಐದು ವಾರ ಪಂದ್ಯ ಆಡದ ಕೈಯನ್ನು ಅಂಥ ಹೊತ್ತಿನಲ್ಲಿ ಪರೀಕ್ಷೆಗೆ ಇಡುವುದು ಯಾವ ಲೆಕ್ಕದಲ್ಲೂ ಸರಿ ಬರಲ್ಲ.

ಮ್ಯಾನೇಜರ್‌ಗಳೇನೂ ದಡ್ಡರಲ್ಲ. ಹಾಗಿದ್ದೂ ಇದು ಯಾಕೆ ಹೀಗೆ ಮತ್ತೆ ಮತ್ತೆ ಆಗುತ್ತದೆ? ಒಂದು ದೊಡ್ಡ ಕಾರಣ ಉಳಿಸಿಕೊಳ್ಳುವ ಅಭ್ಯಾಸ. ಲೀಗ್ ಹಂತದಲ್ಲಿ 162 ಪಂದ್ಯ. ಇವತ್ತು ಎಲ್ಲರನ್ನೂ ಸುಟ್ಟುಬಿಟ್ಟರೆ ನಾಳೆ ಎಸೆಯಲು ಜನ ಇರಲ್ಲ, ಹಾಗಾಗಿ ಒಬ್ಬೊಬ್ಬನಿಗೆ ಒಂದೊಂದು ಹೊತ್ತು ಅಂತ ಹಂಚಿ ಇಡುತ್ತಾರೆ. ಏಳನೇ ಇನ್ನಿಂಗ್ಸಿಗೆ ಒಬ್ಬ, ಎಂಟಕ್ಕೆ ಇನ್ನೊಬ್ಬ, ಒಂಬತ್ತಕ್ಕೆ ಕ್ಲೋಸರ್. ಮುನ್ನಡೆ ಕಾಪಾಡಿ ಪಂದ್ಯ ಮುಗಿಸಿದವನಿಗೆ "ಸೇವ್" ಅನ್ನುವ ಅಂಕವೂ ಇದೆ, 1969ರಿಂದ ಅದು ಅಧಿಕೃತ. ಆ ಒಂದು ಅಂಕ ನಿಧಾನವಾಗಿ ಇಡೀ ಬುಲ್‌ಪೆನ್‌ನ ದಿನಚರಿಯನ್ನೇ ಬರೆಯಿತು. ಅತ್ಯುತ್ತಮ ರಿಲೀವರ್ ಅಂದರೆ ಕ್ಲೋಸರ್, ಕ್ಲೋಸರ್ ಅಂದರೆ ಒಂಬತ್ತನೇ ಇನ್ನಿಂಗ್ಸ್. ಪ್ಲೇಆಫ್‌ನಲ್ಲಿ, ಅದರಲ್ಲೂ ಸೋತರೆ ಮನೆ ಅನ್ನುವ ಪಂದ್ಯದಲ್ಲಿ, ನಾಳೆ ಅನ್ನುವುದೇ ಇಲ್ಲ. ಆದರೆ ಆರು ತಿಂಗಳ ಅಭ್ಯಾಸ ಒಂದು ರಾತ್ರಿಯಲ್ಲಿ ಹೋಗಲ್ಲ ಅಲ್ವಾ?

ಇದಕ್ಕೆ 2016ರ ಬಕ್ ಶೋವಾಲ್ಟರ್‌ಗಿಂತ ಕಹಿ ಉದಾಹರಣೆ ಇಲ್ಲ. ಬಾಲ್ಟಿಮೋರ್ ಓರಿಯೋಲ್ಸ್‌ನ ಜ್ಯಾಕ್ ಬ್ರಿಟನ್ ಆ ವರ್ಷ 47 ಸೇವ್ ಅವಕಾಶಗಳಲ್ಲಿ 47 ಉಳಿಸಿದ್ದರು, ಇಆರ್‌ಎ 0.54. ಟೊರೊಂಟೊದಲ್ಲಿ ಸೋತರೆ ಮನೆ ಅನ್ನುವ, ಒಂದೇ ಪಂದ್ಯದ ವೈಲ್ಡ್ ಕಾರ್ಡ್ ಸುತ್ತು. ಸ್ಕೋರ್ 2-2, ಪಂದ್ಯ 11ನೇ ಇನ್ನಿಂಗ್ಸಿಗೆ ಎಳೆಯಿತು. ಪರ ಊರಿನಲ್ಲಿ ಆಡುವಾಗ ಮುನ್ನಡೆ ಸಿಕ್ಕಿದ ಮೇಲೆ ಅದನ್ನು ಕಾಯಲು ಕ್ಲೋಸರ್ ಬೇಕು ಅಂತ ಶೋವಾಲ್ಟರ್ ಬ್ರಿಟನ್‌ರನ್ನು ಉಳಿಸಿಯೇ ಉಳಿಸಿದರು. ಉಬಾಲ್ಡೊ ಹಿಮೆನೆಜ್ ಬಂದರು, ಎಡ್ವಿನ್ ಎನ್ಕಾರ್ನಾಸಿಯನ್ ಮೂರು ರನ್‌ಗಳ ಹೋಮ್ ರನ್ ಹೊಡೆದರು, 5-2. ಜಗತ್ತಿನ ಅತ್ಯುತ್ತಮ ರಿಲೀವರ್ ಒಂದೇ ಒಂದು ಚೆಂಡು ಎಸೆಯದೆ ಋತು ಮುಗಿಸಿದರು.

ನಮಗೆ ಗೊತ್ತಿರುವ ಆಟದಲ್ಲಿ ಹೇಳುವುದಾದರೆ, 2024ರ ಟಿ20 ವಿಶ್ವಕಪ್ ಫೈನಲ್ ನೆನಪಿಸಿಕೊಳ್ಳಿ. ದಕ್ಷಿಣ ಆಫ್ರಿಕಾಕ್ಕೆ 30 ಚೆಂಡಿಗೆ 30 ರನ್ ಬೇಕಿತ್ತು. ರೋಹಿತ್ ಶರ್ಮಾ ಬುಮ್ರಾ ಅವರನ್ನು ಕೊನೆಯ ಓವರ್‌ಗೆ ಅಂತ ಬಚ್ಚಿಡಲಿಲ್ಲ. 16 ಮತ್ತು 18ನೇ ಓವರ್ ಕೊಟ್ಟು ಅವರ ಕೋಟಾ ಅಲ್ಲೇ ಮುಗಿಸಿದರು, 20ನೇ ಓವರ್ ಹಾರ್ದಿಕ್ ಪಾಂಡ್ಯ ಹಾಕಿದರು. ಕೋಚ್ ಆಗಿ ಕೂತಿದ್ದವರು ನಮ್ಮ ರಾಹುಲ್ ದ್ರಾವಿಡ್. ಪಂದ್ಯ ಕೈ ತಪ್ಪುತ್ತಿರುವುದು ಈಗ ಅಂದರೆ ಬುಮ್ರಾ ಬರಬೇಕಾದದ್ದೂ ಈಗಲೇ. ವಿಲ್ಸನ್ ಮುಂದಿದ್ದದ್ದು ಇದೇ ಪ್ರಶ್ನೆ. ಸ್ಪ್ರಿಂಗರ್ ಎದುರಿನ ಆ ಕ್ಷಣಕ್ಕಿಂತ ದೊಡ್ಡ ಅಪಾಯ ಒಂಬತ್ತನೇ ಇನ್ನಿಂಗ್ಸಿನಲ್ಲಿ ಬರುತ್ತದೆ ಅಂತ ಯಾರು ಹೇಳಬಲ್ಲರು? ಬಜಾರ್ಡೊ ಅಂಥ ಬಿಕ್ಕಟ್ಟುಗಳನ್ನು ವರ್ಷವಿಡೀ ದಾಟಿಸಿದ್ದಾರೆ ಅನ್ನುವುದು ವಿಲ್ಸನ್ ಸಮರ್ಥನೆ. ಅದು ನಿಜವೂ ಹೌದು. ಆದರೆ ಅದು ಜೂನ್ ತಿಂಗಳಿಗೆ ಹೊಂದುವ ಉತ್ತರ.

ಇದರ ಇನ್ನೊಂದು ಮುಖವನ್ನೂ ಹೇಳಬೇಕು, ಇಲ್ಲದಿದ್ದರೆ ಮೋಸವಾಗುತ್ತದೆ. ಅತ್ಯುತ್ತಮನನ್ನು ಬೇಗ ತಂದರೆ ಕೊನೆಯ ಆರು ಔಟ್ ಯಾರ ಕೈಯಲ್ಲಿ? 2016ರಲ್ಲಿ ಕ್ಲೀವ್‌ಲ್ಯಾಂಡ್‌ನ ಟೆರ್ರಿ ಫ್ರಾಂಕೋನಾ ಆಂಡ್ರೂ ಮಿಲ್ಲರ್‌ರನ್ನು ಐದು, ಆರನೇ ಇನ್ನಿಂಗ್ಸಿನಲ್ಲೇ ಇಳಿಸಿ ಎಲ್ಲರನ್ನೂ ಬೆರಗು ಮಾಡಿದರು. ಲೀಗ್ ಫೈನಲ್‌ನ ಶ್ರೇಷ್ಠ ಆಟಗಾರ ಪ್ರಶಸ್ತಿ ಒಬ್ಬ ರಿಲೀವರ್‌ಗೆ, ಅದೂ ಕ್ಲೋಸರ್ ಅಲ್ಲದವರಿಗೆ ಸಿಕ್ಕಿತು. ಆದರೆ ವರ್ಲ್ಡ್ ಸೀರೀಸ್‌ನಲ್ಲಿ ಶಿಕಾಗೊ ಕಬ್ಸ್ ಎದುರಿನ ಏಳನೇ ಪಂದ್ಯ ಬರುವ ಹೊತ್ತಿಗೆ ಮಿಲ್ಲರ್ ಕೈ ಸೋತಿತ್ತು, ಅವರೂ ರನ್ ಬಿಟ್ಟರು. ಅತ್ತ ಕಬ್ಸ್‌ನ ಜೋ ಮ್ಯಾಡನ್, ಆರನೇ ಪಂದ್ಯದಲ್ಲಿ 7-2 ಮುಂದಿದ್ದಾಗಲೂ ಆರೋಲ್ಡಿಸ್ ಚಾಪ್ಮನ್‌ರನ್ನು ದುಡಿಸಿದ್ದರು. ಮರುರಾತ್ರಿ ಚಾಪ್ಮನ್ ಎಸೆತದಲ್ಲಿ ವೇಗ ಇರಲಿಲ್ಲ, ರಾಜೈ ಡೇವಿಸ್ ಹೋಮ್ ರನ್ ಹೊಡೆದು 6-6 ಮಾಡಿದರು. ಮಳೆ ಬಂದು ಆಟ ನಿಂತು, 10ನೇ ಇನ್ನಿಂಗ್ಸಿನಲ್ಲಿ ಕಬ್ಸ್ 8-7ಕ್ಕೆ ಗೆದ್ದದ್ದರಿಂದ, 1908ರ ನಂತರದ ಮೊದಲ ಪಟ್ಟ ಸಿಕ್ಕಿದ್ದರಿಂದ ಮ್ಯಾಡನ್ ಬಚಾವಾದರು. ಸೋತಿದ್ದರೆ? ಶಿಕಾಗೊದಲ್ಲಿ ಅವರ ಹೆಸರು ಇವತ್ತಿಗೂ ಬೈಗುಳವಾಗಿರುತ್ತಿತ್ತು. ಗೆದ್ದವರ ತಪ್ಪುಗಳನ್ನು ನಾವು ಎಷ್ಟು ಬೇಗ ಮರೆಯುತ್ತೇವೆ ನೋಡಿ.

ಮರೆಯುವ ವಿಷಯ ಬಂತು ಅಂದಮೇಲೆ ಡಾಡ್ಜರ್ಸ್‌ನ ಡೇವ್ ರಾಬರ್ಟ್ಸ್ ಕತೆ ಹೇಳಲೇಬೇಕು. 2019ರಲ್ಲಿ ವಾಷಿಂಗ್ಟನ್ ನ್ಯಾಷನಲ್ಸ್ ಎದುರಿನ ನಿರ್ಣಾಯಕ ಪಂದ್ಯದಲ್ಲಿ ಕ್ಲೇಟನ್ ಕರ್ಶಾರನ್ನು ಎಂಟನೇ ಇನ್ನಿಂಗ್ಸಿಗೂ ಬಿಟ್ಟರು, ಎರಡು ಎಸೆತಕ್ಕೆ ಎರಡು ಹೋಮ್ ರನ್ ಬಿದ್ದು ಸಮ ಆಯಿತು. 10ನೇ ಇನ್ನಿಂಗ್ಸಿನಲ್ಲಿ ಜೋ ಕೆಲಿಗೆ ಹೋವಿ ಕೆಂಡ್ರಿಕ್ ಗ್ರ್ಯಾಂಡ್ ಸ್ಲ್ಯಾಮ್. ಅದೇ ಕೆಂಡ್ರಿಕ್ ಆ ತಿಂಗಳ ಕೊನೆಗೆ ವರ್ಲ್ಡ್ ಸೀರೀಸ್‌ನ ಏಳನೇ ಪಂದ್ಯದಲ್ಲಿ ಹ್ಯೂಸ್ಟನ್‌ನ ಎ.ಜೆ. ಹಿಂಚ್‌ಗೂ ಅದನ್ನೇ ಮಾಡಿದರು. 80 ಎಸೆತಕ್ಕೆ ಜ್ಯಾಕ್ ಗ್ರೀಂಕಿಯನ್ನು ತೆಗೆದು ವಿಲ್ ಹ್ಯಾರಿಸ್‌ರನ್ನು ತಂದದ್ದೇ ತಡ, ಚೆಂಡು ಬಲಗಡೆಯ ಫೌಲ್ ಕಂಬಕ್ಕೆ ಬಡಿಯಿತು, ಅದೂ ಹೋಮ್ ರನ್ನೇ. ಆ ಕಾಲದ ಭಯಾನಕ ಪಿಚರ್ ಗೆರಿಟ್ ಕೋಲ್ ಬುಲ್‌ಪೆನ್‌ನಲ್ಲೇ ಉಳಿದರು. ಹ್ಯೂಸ್ಟನ್‌ನಲ್ಲಿ ಗ್ರೀಂಕಿಯನ್ನು ತೆಗೆದದ್ದರ ಬಗ್ಗೆಯೇ ಜಾಸ್ತಿ ಜಗಳ ನಡೆಯಿತು. ನನಗೆ ಕೋಲ್ ಬರದೇ ಇದ್ದದ್ದೇ ದೊಡ್ಡದಾಗಿ ಕಾಣುತ್ತದೆ.

2025ಕ್ಕೆ ಬನ್ನಿ. ನವೆಂಬರ್ 1, ಟೊರೊಂಟೊ, ವರ್ಲ್ಡ್ ಸೀರೀಸ್ ಏಳನೇ ಪಂದ್ಯ. ಮೂರೇ ದಿನ ವಿಶ್ರಾಂತಿ ಪಡೆದ ಒಟಾನಿಯನ್ನು ರಾಬರ್ಟ್ಸ್ ಸ್ಟಾರ್ಟರ್ ಆಗಿ ಇಳಿಸಿದರು, ಟೊರೊಂಟೊದ ಬೋ ಬಿಶೆಟ್ ಮೂರು ರನ್‌ಗಳ ಹೋಮ್ ರನ್ ಹೊಡೆದರು. ಆ ಪಂದ್ಯ ಸೋತಿದ್ದರೆ ಇದೊಂದೇ ಸಾಕಿತ್ತು ಅವರನ್ನು ಸುಡಲು. ಆದರೆ ಆಮೇಲೆ ಅವರು ಮಾಡಿದ್ದೇ ಬೇರೆ. ಡಾಡ್ಜರ್ಸ್ ಬುಲ್‌ಪೆನ್ ಆ ವರ್ಷ ನಂಬುವ ಹಾಗಿರಲಿಲ್ಲ. ಆದ್ದರಿಂದ ಮಾಮೂಲಿ ರಿಲೀವರ್‌ಗಳನ್ನು ಬಹುತೇಕ ಮರೆತು ಸ್ಟಾರ್ಟರ್‌ಗಳನ್ನೇ ಒಬ್ಬರ ಹಿಂದೆ ಒಬ್ಬರು ತಂದರು: ಟೈಲರ್ ಗ್ಲಾಸ್ನೊ, ಸ್ನೆಲ್ (ಹೌದು, 2020ರ ಅದೇ ಸ್ನೆಲ್, ಈಗ ಇತ್ತ ಕಡೆ), ಕೊನೆಗೆ ಯೊಶಿನೊಬು ಯಮಮೊಟೊ. ಯಮಮೊಟೊ ಹಿಂದಿನ ರಾತ್ರಿಯಷ್ಟೇ 96 ಚೆಂಡು ಎಸೆದಿದ್ದವರು! ಒಂಬತ್ತನೇ ಇನ್ನಿಂಗ್ಸಿನಲ್ಲಿ ಬಂದು ಎರಡೂ ಮುಕ್ಕಾಲಿಗೆ ಹತ್ತಿರ ಇನ್ನಿಂಗ್ಸ್ ರನ್ ಕೊಡದೆ ಎಸೆದರು. ವಿಲ್ ಸ್ಮಿತ್ 11ನೇ ಇನ್ನಿಂಗ್ಸಿನಲ್ಲಿ ಹೋಮ್ ರನ್ ಹೊಡೆದರು, 5-4. ಬ್ಯಾಟ್‌ನಲ್ಲಿ ಏನೂ ಆಗದೆ ಬೆಂಚಿಗೆ ಹೋಗಿದ್ದ ಆಂಡಿ ಪಾಹೆಸ್‌ರನ್ನು ಒಂಬತ್ತನೇ ಇನ್ನಿಂಗ್ಸಿನಲ್ಲಿ ಫೀಲ್ಡಿಂಗ್‌ಗೆ ಅಂತ ಇಳಿಸಿದ್ದರು, ಅವರೇ ಓಡಿ ಬಂದು ಜೊತೆಗಾರನಿಗೆ ಡಿಕ್ಕಿ ಹೊಡೆದು ಸೋಲು ತಪ್ಪಿಸಿದ ಕ್ಯಾಚ್ ಹಿಡಿದರು.

ರಾಬರ್ಟ್ಸ್ ಮಹಾ ತಂತ್ರಗಾರ ಆದರು ಅಂತ ಎಲ್ಲ ಕಡೆ ಬರೆದರು. ನಾನು ಅಷ್ಟು ಬೇಗ ಹಾಗೆ ಹೇಳುವುದಿಲ್ಲ. ಅದೇ ಒಂಬತ್ತನೇ ಇನ್ನಿಂಗ್ಸಿನಲ್ಲಿ ಬೇಸ್ ತುಂಬಿದ್ದಾಗ ಟೊರೊಂಟೊದ ಐಸಾಯ ಕೈನರ್-ಫಲೇಫ ಹೋಮ್ ಪ್ಲೇಟ್‌ನಲ್ಲಿ ಕೂದಲೆಳೆಯಲ್ಲಿ ಔಟ್ ಆದರು. ಒಂದು ಹೆಜ್ಜೆ ಮುಂದೆ ನಿಂತಿದ್ದರೆ ಪಟ್ಟ ಟೊರೊಂಟೊಗೆ. ಆಗ ಎರಡು ದಿನ ಸತತ ಎಸೆಸಿ ಯಮಮೊಟೊ ಕೈ ಹಾಳು ಮಾಡಿದ ಅಂತ ರಾಬರ್ಟ್ಸ್‌ರನ್ನೇ ಬೈಯುತ್ತಿದ್ದರು. ಆದರೆ ಫಲಿತಾಂಶ ಪಕ್ಕಕ್ಕಿಟ್ಟು ನೋಡಿದರೂ ಒಂದು ಮಾತು ಉಳಿಯುತ್ತದೆ. ಅವರು ಪ್ರತಿ ಸಲ ಕೇಳಿಕೊಂಡದ್ದು "ಇದು ಯಾರ ಇನ್ನಿಂಗ್ಸ್" ಅಂತ ಅಲ್ಲ, "ಈಗ ನನ್ನ ಹತ್ತಿರ ಇರುವವರಲ್ಲಿ ಯಾರು ಒಳ್ಳೆಯವರು" ಅಂತ. ಬುಲ್‌ಪೆನ್ ಚೆನ್ನಾಗಿದ್ದಿದ್ದರೆ ಬಹುಶಃ ಅವರೂ ಪಟ್ಟಿ ನೋಡಿಕೊಂಡೇ ಆಡಿಸುತ್ತಿದ್ದರೇನೋ. ಗತಿ ಇಲ್ಲದ್ದೇ ಒಳ್ಳೆಯದಾಯಿತು.

ಅದೃಷ್ಟದ ಪಾಲು ಎಷ್ಟು ಅನ್ನುವುದಕ್ಕೆ ಸುಮ್ನೆ ಒಂದು ಲೆಕ್ಕ. ಒಂದು ತಂಡ ಪ್ರತಿ ಪಂದ್ಯ ಗೆಲ್ಲುವ ಸಾಧ್ಯತೆ ಶೇ 55 ಅಂತ ಇಟ್ಟುಕೊಳ್ಳಿ, ಬೇಸ್‌ಬಾಲ್‌ನಲ್ಲಿ ಅದು ಒಳ್ಳೆಯ ಅಂತರವೇ. ಏಳು ಪಂದ್ಯಗಳ ಸರಣಿಯನ್ನು ಆ ತಂಡ ಗೆಲ್ಲುವ ಸಾಧ್ಯತೆ ಸುಮಾರು ಶೇ 61, ಮೂರು ಪಂದ್ಯಗಳದ್ದಾದರೆ ಶೇ 57ರ ಆಸುಪಾಸು. ಅಂದರೆ ಉತ್ತಮ ತಂಡವೂ ಹತ್ತರಲ್ಲಿ ನಾಲ್ಕು ಸಲ ಸೋಲುತ್ತದೆ. ಅಂಥ ಆಟದಲ್ಲಿ ಒಬ್ಬ ರಿಲೀವರ್ ಆಯ್ಕೆಯಿಂದ ಬದಲಾಗುವ ಸಾಧ್ಯತೆ ಬಹಳ ಸಣ್ಣದು. ಫಲಿತಾಂಶ ನೋಡಿ ಮ್ಯಾನೇಜರ್‌ಗೆ ಅಂಕ ಕೊಡುವುದು ಎಷ್ಟು ಟೊಳ್ಳು ಅಂತ ಇದರಲ್ಲೇ ಗೊತ್ತಾಗುತ್ತದೆ. ಹಾಗಂತ ಸಣ್ಣದು ಅಂತ ಬಿಟ್ಟುಬಿಡುವ ಹಾಗೂ ಇಲ್ಲ, ಯಾಕೆಂದರೆ ಅವತ್ತಿನ ರಾತ್ರಿ ಮ್ಯಾನೇಜರ್ ಕೈಯಲ್ಲಿ ಇರುವುದು ಅದೊಂದೇ.

ಅದಾದರೂ ನಿಜವಾಗಿ ಅವರ ಕೈಯಲ್ಲಿದೆಯಾ? ಇದೊಂದು ಅನುಮಾನ ಯಾವತ್ತೂ ಇದ್ದದ್ದೇ. 2023ರಲ್ಲಿ ಟೊರೊಂಟೊದ ಜಾನ್ ಶ್ನೈಡರ್, ಮಿನೆಸೋಟದಲ್ಲಿ ಸೋತರೆ ಮನೆ ಅನ್ನುವ ಪಂದ್ಯದಲ್ಲಿ, ಚೆನ್ನಾಗಿ ಎಸೆಯುತ್ತಿದ್ದ ಹೊಸೆ ಬೆರಿಯೊಸ್‌ರನ್ನು ಬರೀ 47 ಎಸೆತಕ್ಕೆ, ನಾಲ್ಕನೇ ಇನ್ನಿಂಗ್ಸಿನಲ್ಲಿ ತೆಗೆದು ಯೂಸೆ ಕಿಕುಚಿಯನ್ನು ತಂದರು. 2-0 ಸೋಲು. ಎಡಗೈ ಪಿಚರ್ ಬಂದರೆ ಎದುರಾಳಿ ತಂಡದ ಎಡಗೈ ಬ್ಯಾಟರ್‌ಗಳು ಹೊರಗೆ ಹೋಗುತ್ತಾರೆ ಅನ್ನುವುದು ಮೊದಲೇ ಮಾಡಿಕೊಂಡ ಯೋಜನೆ. ಇದು ಮೇಲಿನವರ ಆಫೀಸಿನಲ್ಲಿ ಬರೆದಿಟ್ಟ ಚೀಟಿ ಅಂತ ಊರೆಲ್ಲ ಗುಲ್ಲಾಯಿತು, ತೀರ್ಮಾನ ಶ್ನೈಡರ್‌ದೇ ಅಂತ ಜನರಲ್ ಮ್ಯಾನೇಜರ್ ಹೇಳಿದ ಮೇಲೆ ಗುಲ್ಲು ಇನ್ನೂ ಜಾಸ್ತಿಯಾಯಿತು. ಅದೇ ಶ್ನೈಡರ್ ಎರಡು ವರ್ಷದ ನಂತರ ಪಟ್ಟದಿಂದ ಎರಡೇ ಔಟ್ ದೂರದಲ್ಲಿ ನಿಂತಿದ್ದರು.

2026ರಿಂದ ಡಗೌಟ್‌ಗೆ ಇನ್ನೊಂದು ತಲೆನೋವು ಸೇರಿದೆ, ಆದರೆ ಇದರಲ್ಲಿ ಮ್ಯಾನೇಜರ್‌ಗೆ ಮಾತೇ ಇಲ್ಲ. ಬಾಲ್ (ಹೊಡೆಯುವ ವಲಯದ ಹೊರಗಿನ ಎಸೆತ) ಅಥವಾ ಸ್ಟ್ರೈಕ್ (ಒಳಗಿನದು) ಅಂತ ಅಂಪೈರ್ ಕೊಟ್ಟ ತೀರ್ಪನ್ನು ಯಂತ್ರದ ಮುಂದೆ ಪ್ರಶ್ನಿಸಲು ಪ್ರತಿ ತಂಡಕ್ಕೂ ಎರಡು ಅವಕಾಶ, ಪ್ರಶ್ನಿಸಿದ್ದು ಸರಿಯಿದ್ದರೆ ಆ ಅವಕಾಶ ಉಳಿಯುತ್ತದೆ. ಕೇಳುವ ಹಕ್ಕು ಬ್ಯಾಟರ್, ಪಿಚರ್, ಕ್ಯಾಚರ್‌ಗೆ ಮಾತ್ರ, ಅದೂ ತಕ್ಷಣ, ಡಗೌಟ್ ಕಡೆ ನೋಡದೆ. ಮೂರನೇ ಇನ್ನಿಂಗ್ಸಿನಲ್ಲೇ ಸಿಟ್ಟಿಗೆದ್ದ ಬ್ಯಾಟರ್ ಒಬ್ಬ ಎರಡರಲ್ಲಿ ಒಂದನ್ನು ಸುಮ್ಮನೆ ಕಳೆದರೆ, ಒಂಬತ್ತನೇ ಇನ್ನಿಂಗ್ಸಿಗೆ ಅಂತ ಅದನ್ನು ಉಳಿಸಿಡಬೇಕಿತ್ತಾ ಅನ್ನುವ ಜಗಳ ಈಗ ಆಟಗಾರರ ನಡುವೆಯೇ ಆಗಬೇಕು.